ಅರವತ್ತರ ಮೇಲೆ ಬೈಸಿಕಲ್ಲು

ನಿವೃತ್ತಿ ಎಂಬ ಮಾತಿಗೂ ವೃತ್ತ ಎಂಬ ಮಾತಿಗೂ ಧಾತು ಒಂದೇ. ತಿರುಗು, ಸುತ್ತು ಎಂಬ ಅರ್ಥವುಳ್ಳ 'ವೃತ್' ಧಾತುವಿನಿಂದಲೇ ವೃತ್ತಿ, ಆವೃತ್ತಿ, ನಿವೃತ್ತಿ ಎಲ್ಲವೂ ಹುಟ್ಟಿಕೊಂಡಿವೆ. ನಿವೃತ್ತಿಯೆಂದರೆ ಹಿಂದಿರುಗುವುದು; ಕೈಕಾಲು ಆಡಿಸದೆ ಕುರ್ಚಿಯಲ್ಲಿ ಕುಳಿತಿರುವುದು ಎಂಬ ಅರ್ಥವನ್ನು ಅದಕ್ಕೆ ಅಂಟಿಸಿದವರು ನಾವು. ನನಗೂ ಇನ್ನು ಮೂರು ವರ್ಷಕ್ಕೆ ಅರವತ್ತು ತುಂಬಿ ಶಾಲೆಯ ಗಂಟೆ ನಿಲ್ಲುವುದರಿಂದ, ಈ ಅರ್ಥವಿಚಾರ ನನಗೆ ಬರಿಯ ವ್ಯಾಕರಣವಾಗಿ ಉಳಿದಿಲ್ಲ. ಆದರೆ ನಾನು ಈಗ ಹೇಳಹೊರಟಿರುವುದು ನಮ್ಮಣ್ಣನವರ ಬೈಸಿಕಲ್ಲಿನ ಸಂಗತಿ.

ನಾವು ಯಲಹಂಕದವರು. ಈ ಊರಿಗೆ ಗಾಲಿಯೆಂಬುದು ಹೊಸತಲ್ಲ; ರೈಲುಗಾಡಿಗಳ ಗಾಲಿ ಮತ್ತು ಅಚ್ಚುಗಳನ್ನು ತಯಾರಿಸುವ ಕಾರ್ಖಾನೆ 1984ರಿಂದ ಇಲ್ಲಿಯೇ ಇದೆ. ಅದಕ್ಕೂ ಮೊದಲು ನಮ್ಮ ಕಣ್ಣಿಗೆ ಬೀಳುತ್ತಿದ್ದುದು ಬೈಸಿಕಲ್ಲಿನ ಗಾಲಿ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿಯ ಕಡೆ ನೆಲೆಯೂರಿದ ಮೇಲೆ, ಪಾಳಿ ಬದಲಾಗುವ ಹೊತ್ತಿಗೆ ಆ ದಾರಿಯಲ್ಲಿ ಬೈಸಿಕಲ್ಲುಗಳ ಸಾಲು ಹೊಳೆಯಂತೆ ಹರಿಯುತ್ತಿತ್ತು. ಹಿಂದೆ ಕ್ಯಾರಿಯರಿನಲ್ಲಿ ಊಟದ ಡಬ್ಬಿ, ಪ್ಯಾಂಟಿನ ಕಾಲಿಗೆ ಕ್ಲಿಪ್ಪು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಗಡಿಯಾರದ ವಿಭಾಗವೂ ತಲೆಯೆತ್ತಿತು. ನಮ್ಮಣ್ಣ ಅಲ್ಲಿ ಕೈಗಡಿಯಾರ ಜೋಡಿಸುವ ಕೆಲಸಕ್ಕೆ ಸೇರಿ, ಇಪ್ಪತ್ತೈದು ವರ್ಷ ಮಳೆಬಿಸಿಲೆನ್ನದೆ ಸೈಕಲ್ಲು ತುಳಿದವರು. ಈಗ ಅವರಿಗೆ ಎಪ್ಪತ್ತೊಂದು.

ಎರಡು ವರ್ಷದ ಕೆಳಗೆ ಒಂದು ಬೆಳಿಗ್ಗೆ ಹಳೆಯ ಅಭ್ಯಾಸದಂತೆ ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲನ್ನು ಹಿಂದಿನಿಂದ ಎತ್ತಿ ಹಾಕಹೋದಾಗ ಕಾಲು ಕ್ಯಾರಿಯರಿಗೆ ತಗುಲಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ಮೂಳೆ ಕೂಡಿತು, ಆದರೆ ಅಷ್ಟರಲ್ಲಿ ಮಗ ಸೈಕಲ್ಲಿಗೆ ಬೀಗ ಹಾಕಿ ಕೀಲಿಯನ್ನು ತನ್ನ ಬೀರುವಿನಲ್ಲಿಟ್ಟಿದ್ದ. ತಪ್ಪೆನ್ನಲಾರೆ, ತಂದೆಯ ಮೇಲಿನ ಕಾಳಜಿಯಿಂದಲೇ ಮಾಡಿದ್ದು. ಮುಂದೆ ಆರು ತಿಂಗಳಲ್ಲಿ ನಾನು ಕಂಡದ್ದೇ ಬೇರೆ. ಎರಡು ಸೌತೆಕಾಯಿ ತರಬೇಕಾದರೂ ಯಾರನ್ನಾದರೂ ಕೇಳಬೇಕು. ಕೇಳುವುದು ಅವರ ಸ್ವಭಾವವಲ್ಲ. ಹಾಗಾಗಿ ಹೊರಗೆ ಹೋಗುವುದನ್ನೇ ಬಿಟ್ಟರು. ಮೊಣಕಾಲು ಬಿಗಿಯಿತು. ಮಾತೂ ಕಡಿಮೆಯಾಯಿತು. ಒಂದು ದಿನ ಸೊಸೆಯೇ ನನ್ನೊಡನೆ, "ಚಿಕ್ಕಮಾವ, ಇವರು ಬಿದ್ದಿದ್ದೇ ವಾಸಿಯಾಗಿತ್ತು, ಹೀಗೆ ಕೂತಿರೋದನ್ನ ನೋಡೋಕಾಗಲ್ಲ" ಎಂದಳು.

ಆಗ ನಾವು ಯೋಚಿಸಿದೆವು: ಅವರು ಬಿದ್ದದ್ದು ಸೈಕಲ್ಲಿನಿಂದಲೇ, ಇಲ್ಲ ಹತ್ತುವ ಕ್ರಮದಿಂದಲೇ? ವಯಸ್ಸಾದವರು ಹತ್ತುವಾಗ, ಇಳಿಯುವಾಗ ಬೀಳುವುದು ಬಹಳ. ಗಾಡಿ ನಿಧಾನವಾಗಿರುವಾಗ ತೋಲ ಕಾಯುವುದು ಕಷ್ಟ. ಅದೇ ಹೊತ್ತಿನಲ್ಲಿ ಸೊಂಟದೆತ್ತರಕ್ಕೆ ಕಾಲನ್ನು ಬೀಸಬೇಕೆಂದರೆ ಎಪ್ಪತ್ತರ ಸೊಂಟ ಕೇಳುವುದಿಲ್ಲ. ಮೇಲಿನ ಅಡ್ಡಕೊಳವೆ ಇಲ್ಲದ, ಮಧ್ಯದಲ್ಲಿ ತಗ್ಗಾದ ಚೌಕಟ್ಟಿನ ಸೈಕಲ್ಲಾದರೆ ಕಾಲನ್ನು ಒಂದು ಗೇಣು ಎತ್ತಿ ದಾಟಿಸಿದರೆ ಸಾಕು. ನಿಂತಲ್ಲೇ ಎರಡೂ ಕಡೆ ಕಾಲೂರಿ, ಬ್ರೇಕು ಹಿಡಿದು, ಒಂದು ಪೆಡಲನ್ನು ಮೇಲಕ್ಕೆ ತಂದು ಅದನ್ನು ಒತ್ತುತ್ತ ಹೊರಡಬಹುದು. ಇದನ್ನು ಹೇಳಿದಾಗ ಅಣ್ಣನವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಹೆಂಗಸರ ಸೈಕಲ್ಲು ತುಳಿಯೋ ಕಾಲ ಬಂತೇನೋ ನನಗೆ?" ಎಂದರು. ಸೈಕಲ್ಲು ಮನೆಗೆ ಬಂದ ಮೇಲೂ ಎಂಟು ದಿನ ಅದನ್ನು ಮುಟ್ಟಲಿಲ್ಲ. ಒಂಬತ್ತನೆಯ ದಿನ ಕತ್ತಲೆಯಲ್ಲಿ, ಯಾರೂ ಏಳುವ ಮೊದಲು, ಬೀದಿಯ ಕೊನೆಯವರೆಗೆ ಹೋಗಿಬಂದರೆಂದು ಹಾಲಿನವನು ಹೇಳಿದ.

ಮತ್ತೆ ಸೈಕಲ್ಲು ಹಿಡಿಯುವವರು ಮೊದಲು ಒಮ್ಮೆ ವೈದ್ಯರನ್ನು ಕಾಣತಕ್ಕದ್ದು. ಎದ್ದು ನಿಂತರೆ ತಲೆ ತಿರುಗುವವರು, ಕಣ್ಣು ಮಂದವಾದವರು, ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಹೊರಡಬಾರದು. ಮಾತ್ರೆಯವರಿಗೆ ಸಣ್ಣ ಪೆಟ್ಟೂ ದೊಡ್ಡ ರಕ್ತಸ್ರಾವವಾದೀತು. ತಲೆಗೆ ಹೆಲ್ಮೆಟ್ಟು ಇರಲಿ. ನೋಡುವವರು ನಕ್ಕರೆ ನಗಲಿ. ಇನ್ನೊಂದು ಮಾತು: ಸೈಕಲ್ಲಿನಲ್ಲಿ ಮೈಭಾರವನ್ನು ಸೀಟು ಹೊರುವುದರಿಂದ ಮೊಣಕಾಲಿಗೆ ಹಿತ, ಹೃದಯಕ್ಕೂ ಉಸಿರಿಗೂ ಒಳ್ಳೆಯ ವ್ಯಾಯಾಮ, ಆದರೆ ಅದೇ ಕಾರಣಕ್ಕೆ ಮೂಳೆ ಗಟ್ಟಿಯಾಗಲು ಅದರಿಂದ ಹೆಚ್ಚು ನೆರವಿಲ್ಲ. ಅದಕ್ಕಾಗಿ ನಡೆಯುವುದನ್ನು ಬಿಡಕೂಡದು.

ಸೀಟಿನ ಎತ್ತರದಲ್ಲಿ ನಮ್ಮ ಬಹುಮಂದಿ ತಪ್ಪು ಮಾಡುತ್ತಾರೆ. ಎರಡು ಪಾದವೂ ನೆಲಕ್ಕೆ ಪೂರ್ತಿ ಊರುವಂತೆ ತಗ್ಗಿಸಿಕೊಂಡು, ಆಮೇಲೆ ಮೊಣಕಾಲು ನೋವೆಂದು ಸೈಕಲ್ಲನ್ನು ದೂರುತ್ತಾರೆ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಪೆಡಲು ಅತ್ಯಂತ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯನ್ನಿಡಿ. ಕಾಲು ನೀಳವಾದರೆ ಎತ್ತರ ಸರಿ. ತುಳಿಯುವಾಗ ಮುಂಗಾಲನ್ನು ಇಡುವುದರಿಂದ ಮಂಡಿ ತುಸುವೇ ಬಾಗಿರುತ್ತದೆ. ಧೈರ್ಯ ಸಾಲದವರು ಮೊದಲು ಒಂದು ಅಂಗುಲ ತಗ್ಗಿಸಿಕೊಂಡು, ಅಭ್ಯಾಸವಾದಂತೆ ಏರಿಸಿಕೊಳ್ಳಬಹುದು. ಸೀಟಿನ ಮೂತಿ ಮೇಲಕ್ಕೆ ನಿಗುರಿರಬಾರದು. ಕೂರುವೆಡೆ ಜೋಮು ಹಿಡಿದರೆ ಅದು ಅಲಕ್ಷ್ಯ ಮಾಡುವ ವಿಷಯವಲ್ಲ.

ಸ್ವಲ್ಪ ಲೆಕ್ಕವನ್ನೂ ನೋಡೋಣ. 28 ಅಂಗುಲದ ಗಾಲಿ, ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ, ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು ಐದೂವರೆ ಮೀಟರು ಮುಂದೆ ಹೋಗುತ್ತದೆ. ಹಿಂದಿನದನ್ನು 22 ಹಲ್ಲಿನದಕ್ಕೆ ಬದಲಾಯಿಸಿದರೆ ನಾಲ್ಕೂವರೆ ಮೀಟರು. ವೇಗ ಕಡಿಮೆಯಾಯಿತು, ನಿಜ. ಆದರೆ ಏರಿನಲ್ಲಿ ಮಂಡಿಯ ಮೇಲೆ ಬೀಳುವ ಒತ್ತಡವೂ ಅದೇ ಪ್ರಮಾಣದಲ್ಲಿ ಇಳಿಯಿತು. ಭಾನುವಾರ ನಸುಕಿನಲ್ಲಿ ಬಳ್ಳಾರಿ ರಸ್ತೆ ಹಿಡಿದು 1478 ಮೀಟರ್ ಎತ್ತರದ ನಂದಿಬೆಟ್ಟ ಹತ್ತಿಬರುವ ತರುಣರ ಹತ್ತಿಪ್ಪತ್ತು ಗೇರಿನ ಗಾಡಿ ನಮಗೆ ಬೇಡ. ಈ ಒಂದು ಬದಲಾವಣೆ ಸಾಕು. ಫ್ರೀವೀಲು ಬಿಚ್ಚಲು ಬೇರೆಯೇ ಹತ್ಯಾರ ಬೇಕು, ಅಂಗಡಿಯವನಿಗೇ ಬಿಡಿ.

ದಾರಿಯ ವಿಚಾರದಲ್ಲಿ ಮುಲಾಜು ಬೇಡ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆ ನಮ್ಮಂಥವರದಲ್ಲ. ಅದನ್ನು ದಾಟಬೇಕಾದಲ್ಲಿ ಇಳಿದು ತಳ್ಳಿಕೊಂಡು ದಾಟುವುದರಲ್ಲಿ ಅವಮಾನವೇನೂ ಇಲ್ಲ. ಅಣ್ಣನವರು ಹಳೆಯೂರಿನ ಒಳಬೀದಿಗಳಲ್ಲಿ ಸುತ್ತಿ, ಪುಟ್ಟೇನಹಳ್ಳಿ ಕೆರೆಯ ಕಡೆ ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ. 2015ರಲ್ಲಿ ಸರ್ಕಾರ ಆ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಸಾರಿತು. ಬಣ್ಣದ ಕೊಕ್ಕರೆಗಳು ಮರದ ಮೇಲೆ ಗೂಡು ಕಟ್ಟಿರುವಾಗ ನೋಡತಕ್ಕ ಸ್ಥಳ. ಬೆಳಗಿನ ಪ್ರದೇಶ ಸಮಾಚಾರದ ಹೊತ್ತಿಗೆ ಮನೆ ಸೇರಬೇಕೆಂದು ಸೊಸೆಯ ಕರಾರು, ಅದನ್ನು ಅವರು ಮೀರುವುದಿಲ್ಲ.

ಇನ್ನು ಗಾಡಿಯ ಆರೈಕೆ. 2006–07ರಿಂದ ಹಲವು ವರ್ಷ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಟ್ಟಾಗ, ಹಳೆಗನ್ನಡದ ಪಾಠ ಮುಗಿಸಿ ಶಾಲೆಯಂಗಳಕ್ಕೆ ಬಂದು ಚೈನಿಗೆ ಎಣ್ಣೆ ಬಿಡುವುದನ್ನು ಕಲಿಸುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಕಲಿಸುತ್ತ ನಾನೇ ಕಲಿತೆ.

ಬೈಸಿಕಲ್ಲು ಏನೋ ಕೇಳುತ್ತಿದ್ದರೆ ಕಿವಿಯಿಂದಲೇ ರೋಗ ತಿಳಿಯುತ್ತದೆ. ಟಕ್ ಎಂಬ ಸದ್ದು ಬಂದರೆ ತುಳಿಯುವುದನ್ನು ನಿಲ್ಲಿಸಿ ಗಾಡಿಯನ್ನು ತಾನಾಗಿ ಓಡಲು ಬಿಡಿ. ಆಗಲೂ ಸದ್ದು ಬಂದರೆ ದೋಷ ಗಾಲಿಯಲ್ಲಿ: ಟಯರಿಗೆ ಕಲ್ಲು ಕಚ್ಚಿರಬಹುದು, ಕಡ್ಡಿ ಸಡಿಲವಾಗಿರಬಹುದು. ಸದ್ದು ನಿಂತರೆ ದೋಷ ಪೆಡಲಿನಲ್ಲೋ ಚೈನಿನಲ್ಲೋ. ಛಂದಸ್ಸಿನಲ್ಲಿ ಮಾತ್ರೆ ಎಣಿಸುವಂತೆ ಎಣಿಸಿ. ಪೆಡಲಿನ ಸುತ್ತಿಗೊಂದು ಸದ್ದಾದರೆ ಪೆಡಲು, ಅದರ ತೋಳು, ಅಥವಾ ತೋಳನ್ನು ಹಿಡಿದಿರುವ ಕಾಟರ್ ಪಿನ್ನು. ಹೆಚ್ಚುಕಡಿಮೆ ಎರಡೂವರೆ ಸುತ್ತಿಗೊಂದು ಸದ್ದಾದರೆ ಚೈನಿನ ಯಾವುದೋ ಒಂದು ಕೊಂಡಿ ಬಿಗಿಯಾಗಿದೆ. ಚೈನು ಒಂದು ಪೂರ್ತಿ ಪ್ರದಕ್ಷಿಣೆ ಬರಲು ಅಷ್ಟು ಸುತ್ತು ಬೇಕು. ಎಡಪೆಡಲು ಸಡಿಲವಾಗಿದ್ದರೆ ಬಲಕ್ಕೆ ತಿರುಗಿಸಿ ಬಿಗಿಮಾಡಲು ಹೋಗಬೇಡಿ. ತುಳಿತದಿಂದ ತಾನಾಗಿ ಬಿಚ್ಚಿಕೊಳ್ಳದಿರಲೆಂದು ಅದರ ತಿರುಪನ್ನು ಬೇಕೆಂದೇ ಎಡಮುಖವಾಗಿ ಮಾಡಿರುತ್ತಾರೆ.

ಚೈನಿಗೆ ಎಣ್ಣೆ ಸುರಿಯುವುದು ಎಲ್ಲರಿಗೂ ಬರುತ್ತದೆ, ಒರೆಸುವುದು ಯಾರಿಗೂ ಬರುವುದಿಲ್ಲ. ಹಳೆಯ ಬಟ್ಟೆಯಿಂದ ಕೊಳೆ ತೆಗೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೊಂದು ಕೊಂಡಿಗೆ ಒಂದೊಂದು ತೊಟ್ಟು ಬಿಟ್ಟು, ಕಾಲು ಗಂಟೆಯ ಮೇಲೆ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಬೇಕು. ಹೊರಗೆ ಉಳಿದ ಎಣ್ಣೆ ಧೂಳನ್ನು ಹಿಡಿದು ಅರಗಲ್ಲಿನಂತೆ ಚೈನನ್ನು ಸವೆಸುತ್ತದೆ. ಸವೆತವನ್ನು ಅಳೆಯಲು ಮಕ್ಕಳ ಅಡಿಪಟ್ಟಿಯೇ ಸಾಕು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಅಂಗುಲ. ಆದ್ದರಿಂದ ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಅಂಗುಲ. ಅದು ಹನ್ನೆರಡನ್ನು ಮೀರಿ ಒಂದು ನೂಲಿನಷ್ಟು, ಅಂದರೆ ಅಂಗುಲದ ಎಂಟನೆಯ ಒಂದು ಭಾಗ ಬೆಳೆದಿದ್ದರೆ, ಚೈನನ್ನು ಬದಲಾಯಿಸಿ. ಇಲ್ಲದಿದ್ದರೆ ಅದು ಹಲ್ಲುಚಕ್ರಗಳನ್ನೂ ತಿಂದುಹಾಕುತ್ತದೆ.

1888ರಲ್ಲಿ ಬೆಲ್‌ಫಾಸ್ಟಿನಲ್ಲಿದ್ದ ಡನ್ಲಪ್ ಎಂಬ ಪಶುವೈದ್ಯರು ತಮ್ಮ ಮಗನ ಮೂರುಗಾಲಿಯ ಬಂಡಿಗೆ ಗಾಳಿ ತುಂಬಿದ ರಬ್ಬರು ಸುತ್ತಿದ ಮೇಲೆ ಜಗತ್ತಿಗೆ ಸುಖವೂ ಬಂತು, ಪಂಕ್ಚರೂ ಬಂತು. ರಾತ್ರಿ ತುಂಬಿದ ಗಾಳಿ ಬೆಳಿಗ್ಗೆ ಇಲ್ಲವಾದರೆ ಕೂಡಲೇ ಟಯರು ಬಿಚ್ಚಬೇಡಿ. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಒಳಗಿನ ಸಣ್ಣ ರಬ್ಬರ್ ಕೊಳವೆ ಹರಿದಿದೆ. ಅದನ್ನು ಬದಲಾಯಿಸುವುದು ಎರಡು ನಿಮಿಷದ ಕೆಲಸ. ನಿಜವಾದ ಪಂಕ್ಚರಾದರೆ ಟ್ಯೂಬನ್ನು ಬಕೀಟಿನ ನೀರಿನಲ್ಲಿ ಅದ್ದಿ ತೂತನ್ನು ಗುರುತಿಸಿ, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ನು ಹಚ್ಚಬೇಕು. ತಪ್ಪಾಗುವುದು ಇಲ್ಲಿಯೇ: ಹಸಿಯಿರುವಾಗಲೇ ತೇಪೆ ಒತ್ತಿಬಿಡುತ್ತಾರೆ. ಐದು ನಿಮಿಷ ಆರಬಿಟ್ಟು, ಅದು ಮಂಕಾದ ಮೇಲೆ ಒತ್ತಿದರೆ ಹಿಡಿಯುತ್ತದೆ. ಟಯರಿನ ಒಳಮೈಯನ್ನು ಬೆರಳಿಂದ ಮೆಲ್ಲಗೆ ತಡವಿ ನೋಡಲು ಮರೆಯಬೇಡಿ. ಜಾಲಿಯ ಮುಳ್ಳು ಅಲ್ಲಿಯೇ ಕುಳಿತಿದ್ದರೆ ನಾಳೆಯೂ ಇದೇ ಕೆಲಸ.

ವರ್ಷಕ್ಕೊಮ್ಮೆ ಗಾಲಿಯ ನಡುವಣ ಗುಂಡುಗಳನ್ನು ತೆಗೆದು ತೊಳೆದು ಹೊಸ ಗ್ರೀಸು ತುಂಬಬೇಕು. ಆ ದಿನ ಅಣ್ಣನವರನ್ನು ನೋಡಬೇಕು. ನಡುಮನೆಯಲ್ಲಿ ಬಿಳಿಯ ಪಂಚೆ ಹಾಸಿ, ಸ್ಟೀಲಿನ ತಟ್ಟೆಯಲ್ಲಿ ಸೀಮೆಯೆಣ್ಣೆಯಿಟ್ಟು, ಹಿಂದಿನ ಗಾಲಿಯ ಒಂದೊಂದು ಪಕ್ಕದ 9 ಗುಂಡು, ಮುಂದಿನದರ 10 ಗುಂಡುಗಳನ್ನು ಎಣಿಸಿ ಎಣಿಸಿ ಇಡುತ್ತಾರೆ; ಮೊಮ್ಮಗಳು ಗುಂಡು ಕಾಯುವ ಕಾವಲುಗಾರಳು. ಕೋನನ್ನು ಬಿಗಿಮಾಡುವಲ್ಲಿ ಅವರ ಹಳೆಯ ಕಸಬು ಕಾಣುತ್ತದೆ. ತೀರ ಬಿಗಿಯಾದರೆ ಗುಂಡು ಅರೆಯುತ್ತದೆ, ಸಡಿಲವಾದರೆ ಗಾಲಿ ಅಲ್ಲಾಡುತ್ತದೆ. ಪರೀಕ್ಷೆ ಸುಲಭ: ಗಾಲಿಯನ್ನೆತ್ತಿ ವಾಲ್ವನ್ನು ಪಕ್ಕಕ್ಕೆ ತಂದು ಬಿಡಿ. ಸರಿಯಾಗಿದ್ದರೆ ಅಷ್ಟು ಚಿಕ್ಕ ಭಾರಕ್ಕೇ ಗಾಲಿ ತಾನಾಗಿ ತಿರುಗಿ, ಲೋಲಕದಂತೆ ಅತ್ತಿತ್ತ ತೂಗಿ, ವಾಲ್ವು ಕೆಳಗಾಗಿ ನಿಲ್ಲುತ್ತದೆ. ಬಿದ್ದ ಕೈ ಮೊದಲಿನಂತೆ ಬಾಗುವುದಿಲ್ಲ, ಸ್ಪ್ಯಾನರು ಹಿಡಿಯಲು ಎರಡು ಬಾರಿ ಯತ್ನಿಸಬೇಕು. ಆದರೂ ಆ ಕೆಲಸಕ್ಕೆ ಯಾರನ್ನೂ ಸೇರಿಸುವುದಿಲ್ಲ.

ಮಳೆಗಾಲದಲ್ಲಿ ರಿಮ್ಮು ಒದ್ದೆಯಾದರೆ ಬ್ರೇಕು ತಡವಾಗಿ ಹಿಡಿಯುತ್ತದೆ. ಬ್ರೇಕನ್ನು ಮೊದಲೇ ಮೆಲ್ಲಗೆ ಒತ್ತಿ ನೀರನ್ನು ಒರೆಸಿಕೊಂಡು, ಆಮೇಲೆ ನಿಲ್ಲಿಸಬೇಕು. ರಬ್ಬರಿನಲ್ಲಿ ಕಬ್ಬಿಣದ ಚೂರು ಸಿಕ್ಕಿಕೊಂಡಿದ್ದರೆ ಚಾಕುವಿನ ತುದಿಯಿಂದ ತೆಗೆಯಿರಿ. ಮಳೆಯಲ್ಲಿ ನೆನೆದ ಗಾಡಿಯನ್ನು ಒರೆಸದೆ ಒಳಗಿಟ್ಟರೆ ಒಂದೇ ರಾತ್ರಿಗೆ ಚೈನು ಕೆಂಪಾಗುವುದನ್ನು ನೋಡಬಹುದು.

ಹಳೆಯ ಸೈಕಲ್ಲು ಹಿತ್ತಿಲ ಸೂರಿನಡಿ ಇನ್ನೂ ಇದೆ, ಮಾರಲು ಒಪ್ಪಿಲ್ಲ. ಕಳೆದ ತಿಂಗಳು ಅದರ ಗಂಟೆಯನ್ನು ಮಾತ್ರ ಬಿಚ್ಚಿ ತಂದು, ಹೊಸದರ ಹ್ಯಾಂಡಲ್ಲಿಗೆ ಕೂರಿಸಿಕೊಂಡರು. ತುಕ್ಕು ಹಿಡಿದು ಮೂಕವಾಗಿತ್ತು. ಮುಚ್ಚಳ ತಿರುಗಿಸಿ ತೆಗೆದು, ಒಳಗಿನ ಹಲ್ಲಿಗೆ ಒಂದು ತೊಟ್ಟು ಎಣ್ಣೆ ಬಿಟ್ಟರು. ಈಗ ಬೆಳಿಗ್ಗೆ ಅವರು ನಮ್ಮ ಬೀದಿಯ ತಿರುವಿಗೆ ಬಂದರೆ ಒಳಗೆ ಕುಳಿತ ನನಗೆ ಕೇಳಿಸುತ್ತದೆ.