ಯಾವ ಖಾನೆಗೂ ಸೇರದ ಗುಡುಗುಡಿ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿ ಕಡೆ ಊರಲ್ಲೊಂದು ಸಾವಾಯಿತೆಂದರೆ ರಾತ್ರಿಯಿಡೀ ಭಜನೆ. ಒಂದು ಹಾರ್ಮೋನಿಯಂ, ಒಂದು ತಬಲ, ನಾಲ್ಕು ಜೊತೆ ತಾಳ, ನಡುರಾತ್ರಿಗೊಂದು ಸುತ್ತು ಟೀ. ಕೈವಾರ ತಾತಯ್ಯನವರ ತತ್ವಪದ ಮುಗಿದರೆ ಶಿಶುನಾಳ ಶರೀಫರ ಸರದಿ. ‘ಸೋರುತಿಹುದು ಮನೆಯ ಮಾಳಿಗಿ’ ಶುರುವಾದಾಗ ಸೋರುತ್ತಿರುವುದು ಯಾವ ಮನೆ ಎಂದು ಅಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇದೇ ಪದ 2008ರಲ್ಲಿ ಗಿಟಾರ್, ಡ್ರಮ್ಸ್ ಜೊತೆ ಸಿ.ಡಿ.ಯೊಳಗೆ ಬಂತು. ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಆಲ್ಬಂ ಅದು. ಆಲ್ಬಮ್ಮಿನ ಹೆಸರೂ ರಘು ದೀಕ್ಷಿತರದ್ದೇ.

ರಘು ಹುಟ್ಟಿದ್ದು 1974ರಲ್ಲಿ ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಭರತನಾಟ್ಯ ಕಲಿತರು, ಸೂಕ್ಷ್ಮಜೀವ ವಿಜ್ಞಾನ ಓದಿದರು. ಗಿಟಾರ್ ಕೈಗೆ ಬಂದದ್ದು ಗೆಳೆಯನ ಜೊತೆ ಕಟ್ಟಿದ ಪಂಥದಿಂದ. ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಅವರೊಂದಿಗೆ ‘ಅಂತರಾಗ್ನಿ’ ತಂಡ ಕಟ್ಟಿದರು. ನಡುವೆ ಬೆಲ್ಜಿಯಂನಲ್ಲಿ ಔಷಧ ಕಂಪನಿಯ ಕೆಲಸವನ್ನೂ ಮಾಡಿ ಬಂದರು. ಅಂತರಾಗ್ನಿ ಚದುರಿದ ಮೇಲೆ ಹುಟ್ಟಿದ್ದು ಈ ‘ಪ್ರಾಜೆಕ್ಟ್’. ನುಡಿಸುವವರು ಬರಬಹುದು, ಹೋಗಬಹುದು. ಬಾಗಿಲು ತೆರೆದೇ ಇರುತ್ತದೆ ಎಂಬುದು ಅದರ ಕರಾರು.

ಹಾಡುಗಳು ಸಿದ್ಧವಿದ್ದವು, ಹೊರತರುವವರು ಇರಲಿಲ್ಲ. ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿದ್ದಾಯಿತು. ಹಿಂದಿಯ ಪಕ್ಕದಲ್ಲಿ ಕನ್ನಡ, ಕನ್ನಡದ ಪಕ್ಕದಲ್ಲಿ ಇಂಗ್ಲಿಷ್. ಸಿನಿಮಾದ್ದಲ್ಲ, ಶಾಸ್ತ್ರೀಯವಲ್ಲ, ಭಕ್ತಿಗೀತೆಯೂ ಅಲ್ಲ. ಅಂಗಡಿಯಲ್ಲಿ ಇದನ್ನು ಯಾವ ಖಾನೆಯಲ್ಲಿಡುವುದು? ಕೊನೆಗೆ ಮುಂಬೈನ ಒಂದು ಕಾರ್ಯಕ್ರಮದಲ್ಲಿ ಕಿವಿಗೊಟ್ಟ ಬಾಲಿವುಡ್ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ತಮ್ಮದೇ ಲೇಬಲ್ಲಿನಲ್ಲಿ ಆಲ್ಬಂ ತಂದಿತು.

ಅದರಲ್ಲಿ ಕನ್ನಡದ್ದು ಎರಡೇ ಹಾಡು, ಎರಡೂ ಶರೀಫರವು. ಸಿ. ಅಶ್ವತ್ಥ್ ಅವರ ಕಂಠದಲ್ಲಿ, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಕೇಳಿ ಒಗ್ಗಿದ್ದ ಕಿವಿಗೆ ಈ ಗಿಟಾರ್ ಮೊದಲು ಸ್ವಲ್ಪ ಚುಚ್ಚಿತು. ನನಗಂತೂ ಚುಚ್ಚಿತ್ತು. ನಾಲ್ಕನೇ ಸಲಕ್ಕೆ ಗೊತ್ತಾಯಿತು: ‘ಗುಡುಗುಡಿಯ ಸೇದಿ ನೋಡೋ’ದಲ್ಲಿ ಬದಲಾದದ್ದು ಚೌಕಟ್ಟು, ಮಾತು ಹಾಗೇ ಇದೆ. ಉತ್ತರ ಕರ್ನಾಟಕದ ಉಚ್ಚಾರವನ್ನು ತಿದ್ದಿ ನಯ ಮಾಡಿಲ್ಲ. ಒಬ್ಬ ಎತ್ತಿ ಕೊಟ್ಟದ್ದನ್ನು ಉಳಿದವರು ಹಿಡಿಯುವ ಭಜನೆಯ ಕ್ರಮವೂ ಅಲ್ಲೇ ಇದೆ, ವೇದಿಕೆ ಹತ್ತಿದಾಗ ಹಿಡಿಯುವವರು ಎದುರಿನ ಜನ, ಅಷ್ಟೇ.

ಅದೇ ವರ್ಷ ‘ಸೈಕೋ’ ಚಿತ್ರದ ಮಾದೇಶ್ವರನ ಹಾಡು ರಘು ದೀಕ್ಷಿತರನ್ನು ಕರ್ನಾಟಕದ ಹಳ್ಳಿಹಳ್ಳಿಗೆ ಮುಟ್ಟಿಸಿತು. ಆಲ್ಬಂ ದೂರದ ದಾರಿ ಹಿಡಿಯಿತು. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸಿಕೊಡುವ ಸಂಗೀತ ಕಾರ್ಯಕ್ರಮಕ್ಕೆ ತಂಡ ಹೋಯಿತು. ಮೈಮೇಲೆ ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ಅದರ ಬೆನ್ನಿಗೇ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ತುದಿಗೇರಿತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ. ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಅತ್ಯುತ್ತಮ ಹೊಸಬರ ಪ್ರಶಸ್ತಿ. ಕನ್ನಡದ ಒಂದಕ್ಷರ ಬಾರದವರೂ ಗುಡುಗುಡಿಗೆ ಕುಣಿದರು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಶರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದ ಮುಸ್ಲಿಂ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವೆಂದು ನಂಬಿದವರು. ಸೇದುವ ಗುಡುಗುಡಿಯಲ್ಲಿ, ಸೋರುವ ಮಾಳಿಗೆಯಲ್ಲಿ ವೇದಾಂತ ಕಂಡವರು. ಅವರನ್ನೇ ಯಾವ ಖಾನೆಗೂ ಹಾಕಲಾಗಿಲ್ಲ. ಅವರ ಪದಕ್ಕೆ ಖಾನೆ ಹುಡುಕಿದ್ದೇ ಕಂಪನಿಗಳು ಮಾಡಿದ ತಪ್ಪು.

ಆದರೆ ಒಂದು ಲೆಕ್ಕ ನೆನಪಿರಲಿ. ಆಲ್ಬಂ ಬರುವ ಹೊತ್ತಿಗೆ ಶರೀಫರು ತೀರಿಕೊಂಡು 119 ವರ್ಷವಾಗಿತ್ತು. ಅಷ್ಟೂ ಕಾಲ ಈ ಪದಗಳನ್ನು ಸಾಯಗೊಡದೆ ಕಾದವರಲ್ಲಿ ಸಂಬಳವಿಲ್ಲದೆ, ಸನ್ಮಾನವಿಲ್ಲದೆ ನಿದ್ದೆಗೆಟ್ಟು ಹಾಡಿದ ಭಜನೆಯವರೂ ಇದ್ದಾರೆ. ಆಲ್ಬಂ ಕೇಳಿ, ಖಂಡಿತ ಕೇಳಿ. ಊರಲ್ಲಿ ಭಜನೆಯಿದ್ದ ರಾತ್ರಿ ಟೀ ಬರುವವರೆಗಾದರೂ ಅವರ ಜೊತೆ ಕೂತು ಒಂದು ಜೊತೆ ತಾಳ ಹಿಡಿಯಿರಿ.