ಚಳಿಗೆ ಬೈಬೇಡಿ, ಬ್ಯಾಟರಿ ನೋಡಿ!

ದಾವಣಗೆರೆ: ಮಾಗಿ ಬಂತೆಂದರೆ ಊರಿನ ಓಣಿಗಳಲ್ಲಿ ಬೆಳಿಗ್ಗೆ ಆರೂವರೆಗೆ ಒಂದು ಸದ್ದು ಏಳುತ್ತದೆ. ಕಿರ್‍ರ್... ಕಿರ್‍ರ್... ಕೊನೆಗೆ ‘ಟಕ್’. ಆಮೇಲೆ ‘ತಳ್ರಿ, ಇನ್ನೊಂದ್ ಸ್ವಲ್ಪ ತಳ್ರಿ’ ಎಂಬ ಕೂಗು. ಅಂಬಾಸಿಡರ್ ಆಗಲಿ, ಪ್ರೀಮಿಯರ್ ಪದ್ಮಿನಿ ಆಗಲಿ, ಕಾರ್ಬುರೇಟರ್ ಕಾಲದ ಮಾರುತಿ 800 ಆಗಲಿ, ಮಾಲೀಕರ ಉತ್ತರ ಒಂದೇ: ‘ಚಳಿಗೆ ಹಿಂಗಾಗೇತ್ರಿ.’

ಪಾಪ, ಚಳಿಯದೇನು ತಪ್ಪು? ದಾವಣಗೆರೆ ಕಾಶ್ಮೀರವೇನಲ್ಲ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಪಾದರಸ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ಅದೇ ದೊಡ್ಡ ಚಳಿ. ಅಂಬಾಸಿಡರಿನ ಹಳೇ ಎಂಜಿನ್ ಇಂಗ್ಲೆಂಡಿನದು, ಪದ್ಮಿನಿ ಇಟಲಿಯ ಫಿಯೆಟ್ ಸಂತಾನ, 800 ಜಪಾನಿನ ಸುಜುಕಿಯ ಕೂಸು. ಮೂರೂ ಹಿಮ ಬೀಳುವ ದೇಶದವು. ಇಲ್ಲಿಯ ಚಳಿಗೆ ಅವು ಮುಷ್ಕರ ಹೂಡುತ್ತವೆಂದರೆ ಒಳಗೆ ಯಾವುದೋ ಭಾಗ ಮೊದಲೇ ಸೋತಿದೆ ಎಂದರ್ಥ.

ಆದರೆ ನಡೆಯುತ್ತಿರುವುದೇನು? ಗ್ಯಾರೇಜಿಗೆ ಹೋದ ಕೂಡಲೇ ಕಾರ್ಬುರೇಟರ್ ಬಿಚ್ಚುವುದು. ಹೊಸ ಕಿಟ್ಟು, ಹೊಸ ಪ್ಲಗ್ಗು, ಆಮೇಲೆ ಪಂಪು. ಸಾವಿರಾರು ರೂಪಾಯಿ ಕೈಬಿಟ್ಟ ಮೇಲೂ ಮಾರನೇ ಬೆಳಿಗ್ಗೆ ಮತ್ತದೇ ಕಿರ್‍ರ್. ಹಳೇ ಓಮ್ನಿಯಲ್ಲಿ ಮುಂಜಾನೆ ತರಕಾರಿ ಹೊಡೆದು ಹೊಟ್ಟೆ ಹೊರೆಯುವವನಿಗೆ ಒಂದು ಬೆಳಗು ಹೋಯಿತೆಂದರೆ ಆ ದಿನದ ಬಾಡಿಗೆಯೇ ಹೋಯಿತು.

ಬಲ್ಲ ಮೆಕ್ಯಾನಿಕ್ಕುಗಳು ಸ್ಪ್ಯಾನರ್ ಹಿಡಿಯುವ ಮೊದಲು ಹೆಡ್‌ಲೈಟ್ ಹಚ್ಚಿಸಿ ಸೆಲ್ಫ್ ಹೊಡೆಸುತ್ತಾರೆ. ದೀಪ ಮಂಕಾಗಿ ಆರುವಂತಾದರೆ ದೋಷ ಬ್ಯಾಟರಿಯದು, ಇಲ್ಲವೇ ಅದರ ವೈರಿನದು. ಟರ್ಮಿನಲ್ಲಿಗೆ ಹತ್ತಿದ ಬಿಳಿ-ಹಸಿರು ಪುಡಿಯನ್ನು ಬಿಸಿನೀರು, ಸೋಡಾ ಪುಡಿಯಲ್ಲಿ ತೊಳೆದು, ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯನ್ನು ಬಿಗಿ ಮಾಡಿದರೆ ಎಷ್ಟೋ ಗಾಡಿಗಳು ಅಲ್ಲೇ ಏಳುತ್ತವೆ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆದಾಗ 9.5ಕ್ಕಿಂತ ಕೆಳಗಿಳಿದರೆ ಅದರ ಆಯುಸ್ಸು ಮುಗಿಯುತ್ತಾ ಬಂದಿದೆ.

ಸೆಲ್ಫ್ ಗಟ್ಟಿಯಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ಕಿಡಿ ನೋಡಬೇಕು. ಪಾಯಿಂಟ್ ಇರುವ ಹಳೇ ಗಾಡಿಗಳಲ್ಲಿ ಸುಟ್ಟು ಕಪ್ಪಾದ ಪಾಯಿಂಟೇ ಅರ್ಧ ಜಗಳಕ್ಕೆ ಮೂಲ. ಹಳೇ ಅಂಬಾಸಿಡರಿಗೆ ಪಾಯಿಂಟ್ ಸಂದು ಸುಮಾರು 0.015 ಇಂಚು ಇರಬೇಕು. ಅದನ್ನು ಬ್ಲೇಡಿನಿಂದ ಅಂದಾಜು ಮಾಡುವವರೇ ಹೆಚ್ಚು! 1941ರಲ್ಲಿ ಹರಿಹರದಲ್ಲಿ ಶುರುವಾಗಿ ಲೇಥ್‌ಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಈಗ ಮುಚ್ಚಿಹೋಗಿದೆ. ಅಂಥ ಊರಲ್ಲಿ ಫೀಲರ್ ಗೇಜ್ ಅಂದರೇನೆಂದು ಹೇಳಿಕೊಡಬೇಕಾದ ಕಾಲ ಬಂದದ್ದು ವಿಪರ್ಯಾಸ.

ಕಿಡಿ ನೀಲಿಯಾಗಿದ್ದರೆ ಸರದಿ ಚೋಕಿನದು. ತಣ್ಣನೆ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು, ಗಾಳಿ ಕಮ್ಮಿ ಬೇಕು. ಏರ್ ಫಿಲ್ಟರ್ ತೆಗೆದು ಒಬ್ಬರು ಚೋಕ್ ಎಳೆದರೆ, ಇನ್ನೊಬ್ಬರು ಒಳಗಿನ ತಗಡು ಪೂರ್ತಿ ಮುಚ್ಚುತ್ತದೆಯೇ ನೋಡಬೇಕು. ಕೇಬಲ್ ಜೋತುಬಿದ್ದು ಅರ್ಧಕ್ಕೇ ನಿಲ್ಲುವುದು ಮಾಮೂಲು. ಎದ್ದು ಓಡಿ, ಚೋಕ್ ಒಳಗೆ ತಳ್ಳಿದ ಕೂಡಲೇ ಸಾಯುವ ಗಾಡಿಯದ್ದು ಬೇರೆ ಕಾಯಿಲೆ: ಐಡಲ್ ಜೆಟ್ಟಿನಲ್ಲಿ ಕಸ, ಇಲ್ಲವೇ ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪಿನಿಂದ ಕಳ್ಳಗಾಳಿ. ಕಾರ್ಬುರೇಟರಿನ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವ ಸಾಹಸ ಮಾತ್ರ ಬೇಡ. ಎಂಜಿನ್ ಒಮ್ಮೆ ‘ಬ್ಯಾಕ್’ ಹೊಡೆದರೆ ಮುಖವೇ ಸುಡುತ್ತದೆ.

ಬೆಳಿಗ್ಗೆ ಒಂದೇ ಏಟಿಗೆ ಎದ್ದು, ಹರಿಹರದ ದಾರಿಯಲ್ಲಿ ಕೈಕೊಡುವ ಗಾಡಿಗಳದ್ದು ಇನ್ನೊಂದು ಕಥೆ. ಎರಡೂರಿಗೂ ನಡುವೆ ಸುಮಾರು 14 ಕಿಲೋಮೀಟರ್ ಅಷ್ಟೆ. ಅಷ್ಟರಲ್ಲೇ ರೋಗ ಪತ್ತೆಯಾಗುತ್ತದೆ. ಹತ್ತು ಕಿಲೋಮೀಟರ್ ಓಡಿ ನಿಂತು, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗದವರಂತೆ ಹೊರಟರೆ ಇಗ್ನಿಷನ್ ಕಾಯಿಲ್ ಅಥವಾ ಕಂಡೆನ್ಸರ್ ಮೇಲೆ ಗುಮಾನಿ. ಕಾದ ಕಾಯಿಲಿನಲ್ಲಿ ಕಿಡಿ ಸೋಲುತ್ತದೆ. ನಿಂತ ಗಾಡಿಯ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದಾಗ ‘ಸುಸ್ಸ್’ ಎಂದು ಗಾಳಿ ಒಳಗೆ ಎಳೆದುಕೊಂಡರೆ, ಟ್ಯಾಂಕಿಗೆ ಗಾಳಿ ಬಿಡುವ ಸಣ್ಣ ತೂತು ಕಟ್ಟಿದೆ ಎಂದೇ ತಿಳಿಯಬೇಕು. ಅದನ್ನು ಬಿಡಿಸಲು ಸೂಜಿ ಸಾಕು. ಇದಕ್ಕೂ ಪಂಪ್ ಬದಲಿಸಿಕೊಂಡು ಬಂದ ಮಹಾನುಭಾವರಿದ್ದಾರೆ.

ಏಪ್ರಿಲ್‌ನ 38 ಡಿಗ್ರಿಯ ಮಧ್ಯಾಹ್ನ ನಿಲ್ಲುವುದು ಇನ್ನೂ ಬೇರೆ. ಅಶೋಕ ಟಾಕೀಸ್ ರೈಲ್ವೆ ಗೇಟಿನ ಮುಂದೆ ಸಾಲುಗಟ್ಟಿ ಕಾದ ಹಳೇ ಡ್ರೈವರುಗಳಿಗೆ ಇದು ಚೆನ್ನಾಗಿ ನೆನಪಿದೆ. ನಿಂತಲ್ಲೇ ಓಡುವ ಎಂಜಿನ್ನಿಗೆ ಗಾಳಿ ಬಡಿಯದು. ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಪಂಪು ಗುಳ್ಳೆಯನ್ನು ತಳ್ಳಲಾರದೆ ಸೋಲುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವ ಅವರ ಉಪಾಯ ಮೂಢನಂಬಿಕೆಯಲ್ಲ, ಶುದ್ಧ ವಿಜ್ಞಾನ. ಪದೇಪದೇ ಸುತ್ತಬೇಕಾಗಿ ಬಂದರೆ ಮಾತ್ರ ರೇಡಿಯೇಟರ್ ನೋಡಿಸಬೇಕು.

ಹಳೇ ಡೀಸೆಲ್ ಜೀಪುಗಳಿಗೆ ಪಾಯಿಂಟೂ ಇಲ್ಲ, ಪ್ಲಗ್ಗಿನ ಕಿಡಿಯೂ ಇಲ್ಲ. ಬಿಳಿ ಹೊಗೆ ಉಗುಳಿ ನಡುಗಿದರೆ ಹೀಟರ್ ಪ್ಲಗ್ ಸುಟ್ಟಿರಬಹುದು. ಕೈಪಂಪ್ ಒತ್ತಿದರೆ ಮಾತ್ರ ಹತ್ತುವುದಾದರೆ ಪೈಪಿನಲ್ಲಿ ಎಲ್ಲೋ ಗಾಳಿ ನುಗ್ಗುತ್ತಿದೆ.

ಕಾರ್ಬುರೇಟರ್ ಬಲ್ಲ ಕೈಗಳಿಗೆ ವಯಸ್ಸಾಗುತ್ತಿದೆ. ಹುಡುಗರ ಕೈಯಲ್ಲಿ ಸ್ಕ್ಯಾನರ್ ಇದೆ. ಪದ್ಮಿನಿಯಲ್ಲಿ ಅದನ್ನು ಚುಚ್ಚಲು ಜಾಗವೇ ಇಲ್ಲ! ಹೀಗಾಗಿ ಗಾಡಿ ತಣ್ಣಗಿದ್ದಾಗ ನಿಂತಿತೋ ಕಾದ ಮೇಲೋ, ಎಷ್ಟು ದೂರಕ್ಕೆ, ಮತ್ತೆ ಎಷ್ಟು ಹೊತ್ತಿಗೆ ಎದ್ದಿತು ಎಂದು ಮಾಲೀಕರೇ ಚೀಟಿಯಲ್ಲಿ ಬರೆದು ಒಯ್ಯುವುದು ಲೇಸು.

ಇದರ ಮೇಲೆ ಹೊಸ ತಕರಾರು ಪೆಟ್ರೋಲಿನದು. ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ಬಂಕುಗಳಲ್ಲಿ ಅದೇ ಮಾಮೂಲಾಯಿತು. ಎಥೆನಾಲ್ ನೀರು ಹೀರುತ್ತದೆ, ತಣ್ಣಗಿದ್ದಾಗ ಸುಲಭವಾಗಿ ಆವಿಯಾಗದು, ಟ್ಯಾಂಕಿನ ತಳದ ಹಳೇ ಕೊಳೆಯನ್ನು ಎಬ್ಬಿಸಿ ಜೆಟ್ಟಿಗೆ ತಂದು ಹಾಕುತ್ತದೆ. ಆ ಕಾಲದ ರಬ್ಬರ್ ಪೈಪು, ಡಯಾಫ್ರಾಮ್ ಅದನ್ನು ತಾಳುವಂತೆ ಮಾಡಿದವಲ್ಲ. ಪೈಪನ್ನು ಬೆರಳಲ್ಲಿ ಮಡಿಸಿ ನೋಡಿದರೆ ಬಿರುಕು ಕಾಣುತ್ತದೆ. ಕಂಡರೆ ಅಂದೇ ಬದಲಿಸಬೇಕು. ಅಂಗಡಿಯಲ್ಲಿ ಕೇಳುವಾಗ ‘ಪೆಟ್ರೋಲ್ ಪೈಪ್ ಕೊಡಿ’ ಎಂದರೆ ಸಾಲದು, ‘ಎಥೆನಾಲ್ ತಡೆಯೋದು ಕೊಡ್ರಿ’ ಎಂದೇ ಕೇಳಬೇಕು.