ಯಂತ್ರಮಾನವ: ಹಿಡಿ ಯಾರ ಕೈಯಲ್ಲಿ?

1799ರ ಮೇ 4ರಂದು ಶ್ರೀರಂಗಪಟ್ಟಣ ಬ್ರಿಟಿಷರ ವಶವಾದಾಗ ಟಿಪ್ಪುವಿನ ಅರಮನೆಯಲ್ಲಿ ಅವರಿಗೆ ಒಂದು ಮರದ ಹುಲಿ ಸಿಕ್ಕಿತು. ಆರಡಿಗೆ ತುಸು ಕಡಿಮೆ ಉದ್ದದ ಆ ಹುಲಿ ಐರೋಪ್ಯನೊಬ್ಬನನ್ನು ಕೆಡವಿ ಮೇಲೇರಿದೆ. ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದುತ್ತವೆ. ಹುಲಿ ಗುರುಗುಟ್ಟುತ್ತದೆ, ಬಿದ್ದವನು ನರಳುತ್ತಾನೆ, ಅವನ ಎಡಗೈ ಮೇಲೆ ಕೆಳಗೆ ಆಡುತ್ತದೆ. ಇಂದು ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಮನುಷ್ಯನಂತೆ ಕೈಯಾಡಿಸಿ ದನಿ ಮಾಡುವ ಯಂತ್ರ ನಮ್ಮ ಸೀಮೆಗೆ ಹೊಸದೇನಲ್ಲ.

ಹಾಗಾದರೆ ಈ ಗೊಂಬೆಗೂ ಯಂತ್ರಮಾನವನಿಗೂ ಇರುವ ವ್ಯತ್ಯಾಸವೇನು? ಗೊಂಬೆಗೆ ಸುತ್ತಲಿನ ಅರಿವಿಲ್ಲ. ಯಂತ್ರಮಾನವ ಕ್ಯಾಮೆರಾದಿಂದ ನೋಡುತ್ತದೆ. ಮೈ ಎಷ್ಟು ವಾಲಿದೆ, ಪಾದದ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದನ್ನು ಅಳೆಯುತ್ತದೆ. ಗಣಕದ ಲೆಕ್ಕದಂತೆ ಕೀಲುಗಳ ಮೋಟಾರುಗಳು ಚಲಿಸುತ್ತವೆ. ಇದು ಕ್ಷಣಕ್ಷಣವೂ ನಡೆಯಬೇಕು. ತಡವಾದರೆ ಯಂತ್ರ ಮುಗ್ಗರಿಸುತ್ತದೆ.

ಜಪಾನಿನ ವಾಸೆಡಾ ವಿಶ್ವವಿದ್ಯಾಲಯ 1973ರಲ್ಲಿ ಎರಡು ಕಾಲಿನ ‘ವಾಬೋಟ್-1’ ರೂಪಿಸಿತು. ಹೋಂಡಾ ಕಂಪನಿ 1986ರಲ್ಲಿ ಆರಂಭಿಸಿದ ಸಂಶೋಧನೆಯ ಫಲವಾಗಿ 2000ದಲ್ಲಿ ‘ಅಸಿಮೋ’ ಬಂತು. 2025ರ ಏಪ್ರಿಲ್‌ನಲ್ಲಿ ಬೀಜಿಂಗ್‌ನ ಅರೆ ಮ್ಯಾರಥಾನ್‌ನಲ್ಲಿ ಒಂದು ಯಂತ್ರಮಾನವ 21 ಕಿಲೋಮೀಟರನ್ನು ಸುಮಾರು 2 ಗಂಟೆ 40 ನಿಮಿಷದಲ್ಲಿ ಓಡಿತು. ನಮ್ಮ ಇಸ್ರೋ ಸಂಸ್ಥೆ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ‘ವ್ಯೋಮಮಿತ್ರ’ಳನ್ನು ಪರಿಚಯಿಸಿತು. ಇವಳಿಗೆ ಕಾಲಿಲ್ಲ, ಗಗನಯಾನದ ಮಾನವರಹಿತ ಹಾರಾಟದಲ್ಲಿ ಆಸನದಲ್ಲಿ ಕುಳಿತು ಗುಂಡಿ ಒತ್ತುವುದು, ಮಾತನಾಡುವುದು ಇವಳಿಗೆ ವಹಿಸಿದ ಕೆಲಸ.

ಯಂತ್ರಕ್ಕೆ ಮನುಷ್ಯನ ರೂಪವೇಕೆ? ಮೆಟ್ಟಿಲು, ಬಾಗಿಲು, ಸಲಕರಣೆ ಎಲ್ಲವೂ ನಮ್ಮ ಅಳತೆಗೆ ಮಾಡಿದವು. ಅಂಥ ಕಡೆ ಈ ರೂಪ ಒದಗುತ್ತದೆ. ಪಾಂಡವಪುರ, ಕೃಷ್ಣರಾಜಪೇಟೆಗಳ ಕಬ್ಬಿನ ಗದ್ದೆಗೆ ಅದು ಬೇಕಿಲ್ಲ. ಚಕ್ರ ಮತ್ತು ಅಲಗುಗಳಿರುವ ಕಟಾವು ಯಂತ್ರವೇ ಸಾಕು. ಆದ್ದರಿಂದ ಯಂತ್ರಮಾನವ ಮೊದಲು ಕಾಲಿಡುವುದು ನೆಲ ಸಮನಾಗಿರುವ ಕಾರ್ಖಾನೆ, ಗೋದಾಮುಗಳಿಗೆ. ನಾಗಮಂಗಲದ ಹೊಲದ ಉಬ್ಬುತಗ್ಗು ಅದಕ್ಕೆ ಇನ್ನೂ ಕಠಿಣವೇ.

ನಡಿಗೆಗಿಂತಲೂ ಕಷ್ಟವಾದದ್ದು ಕೈಗೆಲಸ. ಆಲೆಮನೆಯಲ್ಲಿ ಕುದಿಯುವ ಪಾಕದ ಚೂರನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ, ಬೆಲ್ಲದ ಹದ ಬಂತೆಂದು ಹೇಳುವವರಿದ್ದಾರೆ. ಒಂದು ಗಳಿಗೆ ತಪ್ಪಿದರೆ ಇಡೀ ಕೊಪ್ಪರಿಗೆ ಕೆಡುತ್ತದೆ. ಬೆರಳ ತುದಿಯ ಈ ಅರಿವನ್ನು ಯಂತ್ರಕ್ಕೆ ಕಲಿಸಲು ವಿಜ್ಞಾನಿಗಳು ಇನ್ನೂ ಹೆಣಗುತ್ತಿದ್ದಾರೆ.

ನಾಳೆ ಅದನ್ನೂ ಕಲಿಸಬಹುದು. ಆಗ ಆ ಹದಗಾರನ ಕೈಗಳೇ ಯಂತ್ರಕ್ಕೆ ಗುರುವಾಗಿರುತ್ತವೆ. ಅವನಿಗೆ ಸಿಗುವುದೇನು: ಹೊಗೆ, ಬಿಸಿಯಿಂದ ಬಿಡುಗಡೆಯೋ, ಕೂಲಿಯಿಂದಲೇ ಬಿಡುಗಡೆಯೋ? ಅದನ್ನು ತೀರ್ಮಾನಿಸುವುದು ಯಂತ್ರವಲ್ಲ, ಅದರ ಒಡೆಯರು ಮತ್ತು ನಾವು ಮಾಡಿಕೊಳ್ಳುವ ಕಾನೂನು. ಶ್ರೀರಂಗಪಟ್ಟಣದ ಹುಲಿಯ ಹಿಡಿ ಎಲ್ಲರಿಗೂ ಕಾಣುವಂತಿತ್ತು. ಇಂದಿನ ಯಂತ್ರದ ಹಿಡಿ ಕಾಣುವುದಿಲ್ಲ. ಆದರೆ ಅದೂ ಯಾರದೋ ಕೈಯಲ್ಲಿದೆ. ಯಾರದೆಂದು ಕೇಳುವ ಅಭ್ಯಾಸವನ್ನು ನಾವು ಈಗಲೇ ಬೆಳೆಸಿಕೊಳ್ಳಬೇಕು.